ಬಿಳಿಗಿರಿಯ ಕೂಳೆಕಾಡು

ಬೇಸಿಗೆಯಲ್ಲಿ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿಬಂದವರು ಸಾಮಾನ್ಯವಾಗಿ ಹೇಳುವ ಮಾತೊಂದುಂಟು: "ಕಾಡೆಲ್ಲ ಒಣಗಿ ಹೋಗಿದೆ, ಇನ್ನು ಉಳಿದದ್ದೇನು?" ಚಾಮರಾಜನಗರದಿಂದ ಕ್ಯಾತದೇವರಾಯನ ಗುಡಿಯ ಕಡೆಗೆ ಏರುವ ಸುಮಾರು 25 ಕಿಲೋಮೀಟರ್ ಹಾದಿಯಲ್ಲಿ ಮಾರ್ಚ್ ತಿಂಗಳ ಕೊನೆಗೆ ನಾವು ಸಾಗಿದಾಗ ನಮ್ಮ ಸಂಗಡ ಬಂದಿದ್ದ ಮಿತ್ರರೂ ಈ ಮಾತನ್ನೇ ಆಡಿದರು. ಹಾದಿಯ ಎರಡು ಬದಿಗೂ ಬೂದುಬಣ್ಣದ ಬರಿಯ ಕೊಂಬೆಗಳು. ಹೆಜ್ಜೆಯಿಟ್ಟಲ್ಲೆಲ್ಲ ಸದ್ದುಮಾಡುವ ತರಗು. ಅಲ್ಲೊಂದು ಇಲ್ಲೊಂದು ಮುತ್ತುಗದ ಮರ ಮಾತ್ರ ಕೆಂಡ ಸುರಿದಂತೆ ಹೂ ಹೊತ್ತು ನಿಂತಿತ್ತು. ಹಸಿರನ್ನೇ ಕಾಡೆಂದು ತಿಳಿದ ಕಣ್ಣಿಗೆ ಇದು ಸ್ಮಶಾನದಂತೆ ತೋರಿದರೆ ಅಚ್ಚರಿಯಿಲ್ಲ.

ಆದರೆ ವಾಹನವನ್ನು ನಿಲ್ಲಿಸಿ, ಇಳಿದು, ಕೊಂಬೆಗಳ ತುದಿಯನ್ನು ಕೈಗೆಳೆದುಕೊಂಡು ನೋಡಿದರೆ ಬೇರೆಯ ಸಮಾಚಾರ ತಿಳಿಯುತ್ತದೆ. ಮಳೆಗೆ ಇನ್ನೂ ಎರಡು ತಿಂಗಳಿರುವಾಗಲೇ, ನೆಲದ ಮೇಲ್ಪದರದಲ್ಲಿ ಹನಿ ತೇವವಿಲ್ಲದಿರುವಾಗಲೇ, ಎಷ್ಟೋ ಮರಗಳು ತಾಮ್ರವರ್ಣದ ಎಳೆದಳಿರನ್ನು ಹೊರಡಿಸಿದ್ದವು. ಆಳದ ಬೇರು ಮತ್ತು ಕಾಂಡದಲ್ಲಿ ಕೂಡಿಟ್ಟ ನೀರೇ ಈ ಚಿಗುರಿನ ಬಂಡವಾಳ. ಇಂಥ ಬಿರುಬಿಸಿಲಲ್ಲಿ ಚಿಗುರುವ ಅವಸರವೇಕೆ? ಬಂಡೀಪುರಕ್ಕೆ ಅಂಟಿಕೊಂಡಿರುವ ಮುದುಮಲೆಯ ಕಾಡಿನಲ್ಲಿ ಇದನ್ನು ಅಭ್ಯಸಿಸಿದ ವಿಜ್ಞಾನಿಗಳಾದ ಮುರಳಿ ಮತ್ತು ಸುಕುಮಾರ್ ಅವರು 1993ರಲ್ಲಿ ಒಂದು ಸಮಾಧಾನವನ್ನು ಮುಂದಿಟ್ಟರು. ಮಳೆ ಬಿದ್ದೊಡನೆ ಕೀಟಗಳ ಸಂತತಿ ಹೆಚ್ಚುತ್ತದೆ. ಮಳೆಗೆ ಮುಂಚೆಯೇ ಚಿಗುರಿದ ಮರದ ಎಲೆ ಅಷ್ಟರಲ್ಲಿ ಬಲಿತು ಗಡುಸಾಗಿರುವುದರಿಂದ ಕೀಟಬಾಧೆ ಕಡಿಮೆ. ಮಳೆಯೊಂದಿಗೆ ಚಿಗುರಿದ ಮರ ಹುಳಕ್ಕೆ ಹೆಚ್ಚು ತೆರಬೇಕಾಗುತ್ತದೆ. ಒಣಕಾಡಿನ ಬದುಕಿನ ಲೆಕ್ಕಾಚಾರ ನಮ್ಮ ಕಣ್ಣಳತೆಗೆ ಸಿಕ್ಕುವಂಥದಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಬಿಳಿಗಿರಿಯ ಶ್ರೇಣಿ ಪಶ್ಚಿಮ ಘಟ್ಟಕ್ಕೂ ಪೂರ್ವ ಘಟ್ಟಕ್ಕೂ ಸೇತುವೆಯಂತೆ ಉತ್ತರ ದಕ್ಷಿಣವಾಗಿ ಚಾಚಿಕೊಂಡಿದೆ. ಬುಡ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದ್ದರೆ ಶಿಖರಗಳು 1800 ಮೀಟರನ್ನು ಮುಟ್ಟುತ್ತವೆ. ತಪ್ಪಲಲ್ಲಿ ಮುಳ್ಳುಕಂಟಿ, ಅದರ ಮೇಲೆ ಎಲೆಯುದುರಿಸುವ ಒಣಕಾಡು, ಕಣಿವೆಗಳಲ್ಲಿ ತೇವದ ಕಾಡು, ನೆತ್ತಿಯಲ್ಲಿ ಶೋಲೆ ಮತ್ತು ಹುಲ್ಲುಗಾವಲು. ಭಾರ್ಗವೀ ಹೊಳೆಯ ದಡದ ದೊಡ್ಡ ಸಂಪಿಗೆಯನ್ನು ನೋಡದೆ ಬಂದವರು ಬೆಟ್ಟವನ್ನೇ ನೋಡಿಲ್ಲವೆಂದು ಹೇಳುವ ವಾಡಿಕೆಯಿದೆ. ನಾವೂ ಹೋಗಿ ಕೈಮುಗಿದು ಬಂದೆವು. ಆ ಸಂಪಿಗೆ ಬೆಳೆದದ್ದು ನೀರಿನ ಆಸರೆಯಲ್ಲಿ. ನಮ್ಮ ಲೇಖನದ ವಿಷಯ ಅದಲ್ಲ. ನೀರಿಲ್ಲದ ಇಳಿಜಾರುಗಳಲ್ಲಿ ಕಡಿಸಿಕೊಂಡು, ಸುಡಿಸಿಕೊಂಡು, ಮೇಯಿಸಿಕೊಂಡು, ಮತ್ತೆ ಮತ್ತೆ ಎದ್ದುನಿಲ್ಲುವ ದಿಂಡಿಗ, ಮತ್ತಿ, ಹೊನ್ನೆ, ನೆಲ್ಲಿಗಳ ಕಾಡನ್ನು ಕುರಿತು ನಾಲ್ಕು ಮಾತುಗಳನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳಬೇಕೆಂಬುದು ನಮ್ಮ ಅಪೇಕ್ಷೆ.

ಈ ಸೀಮೆ 1974ರಲ್ಲಿ ವನ್ಯಜೀವಿಧಾಮವಾಯಿತು. 1987ರಲ್ಲಿ ಅದರ ವಿಸ್ತಾರವನ್ನು 540 ಚದರ ಕಿಲೋಮೀಟರಿಗೆ ಹೆಚ್ಚಿಸಲಾಯಿತು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಈ ದಿನಾಂಕಗಳ ಹಿಂದೆ ಒಂದು ಜನಾಂಗದ ಬದುಕಿದೆ. ಈ ಬೆಟ್ಟಗಳ ಸೋಲಿಗರು ಕಾಡಿನ ನಡುವೆ ಒಂದು ತುಂಡು ನೆಲವನ್ನು ಸವರಿ, ಸುಟ್ಟು, ಎರಡು ಮೂರು ವರ್ಷ ರಾಗಿಯನ್ನು ಬೆಳೆದು, ಅದನ್ನು ಕಾಡಿಗೇ ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು. ವನ್ಯಜೀವಿಧಾಮವಾದ ಮೇಲೆ ಆ ಬೇಸಾಯ ನಿಂತಿತು. ಚದುರಿದ್ದ ಕುಟುಂಬಗಳು ಒಂದೊಂದು ಪೋಡಿನಲ್ಲಿ ನೆಲೆನಿಂತವು. ಹೀಗೆ ಬಿಟ್ಟುಹೋದ ಹೊಲಗಳು ಈಗ ಅರ್ಧ ಶತಮಾನದ ಕಾಡುಗಳಾಗಿವೆ. ಕಡಿದ ಕಾಡು ಹೇಗೆ ಮರಳುತ್ತದೆಂದು ತಿಳಿಯಬೇಕಾದರೆ ಇವುಗಳಿಗಿಂತ ಉತ್ತಮವಾದ ಪಾಠಶಾಲೆ ಬೇರೊಂದಿಲ್ಲ.

ಅಂಥದೊಂದು ತಾವಿಗೆ ನಮ್ಮನ್ನು ಕರೆದೊಯ್ದವರು ಪೋಡಿನ ಹಿರಿಯರೊಬ್ಬರು. ಎಪ್ಪತ್ತು ದಾಟಿದ ವಯಸ್ಸು. ಆದರೆ ಏರುಹಾದಿಯಲ್ಲಿ ನಮಗಾಗಿ ಅವರೇ ನಿಂತು ನಿಂತು ನಡೆಯಬೇಕಾಯಿತು. ಒಂದು ಕಡೆ ಕಾಲಿನಿಂದ ತರಗನ್ನು ಸರಿಸಿ, ಒಡೆದ ಒರಳುಕಲ್ಲೊಂದನ್ನು ತೋರಿಸಿದರು. "ಇಲ್ಲೇ ಬುದ್ಧಿ, ನಮ್ಮವ್ವ ರಾಗಿ ಕುಟ್ಟಿದ್ದು" ಎಂದರು. ಸುತ್ತ ನೋಡಿದರೆ ತೊಡೆಗಾತ್ರದ ದಿಂಡಿಗ, ಕರಿಮತ್ತಿಗಳು. ಹೊಲವಿತ್ತೆಂದು ಹೇಳುವ ಗುರುತು ಆ ಕಲ್ಲೊಂದೇ.

"ಯಜಮಾನರೇ, ಇಷ್ಟೊಂದು ಮರದ ಬೀಜವನ್ನು ಯಾರು ತಂದು ಬಿತ್ತಿದರು?" ಎಂದು ನಾವು ಕೇಳಿದೆವು. ಅವರು ನಕ್ಕರು. "ಬೀಜ ಯಾಕೆ ಬುದ್ಧಿ? ಬೇರು ಇತ್ತಲ್ಲ. ನಾವು ಮರ ಕಡಿದ್ವಿ, ಬೇರು ಕೀಳನಿಲ್ಲ" ಎಂದು ಹೇಳಿ, ಒಂದು ಮತ್ತಿಯ ಬುಡವನ್ನು ತೋರಿಸಿದರು. ಒಂದೇ ಬುಡದಿಂದ ಮೂರು ಕಾಂಡಗಳು ಹೊರಟಿದ್ದವು. ನಡುವೆ ಹಳೆಯ ಬೊಡ್ಡೆ ಮಣ್ಣಾಗಿ ಹೋಗಿದ್ದ ಗುಳಿ. ಸುತ್ತಲಿನ ಹತ್ತು ಮರಗಳನ್ನು ಎಣಿಸಿದೆವು. ಅವುಗಳಲ್ಲಿ ಏಳು ಹೀಗೆ ಕವಲೊಡೆದ ಬುಡದವೇ ಆಗಿದ್ದವು.

ಕಬ್ಬು ಬೆಳೆಯುವ ಸೀಮೆಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಲ ಸಲ ತುಂಡನ್ನು ನೆಟ್ಟು ಬೆಳೆದು ಕಡಿದ ಮೇಲೆ, ಅದೇ ಬುಡದಿಂದ ಎರಡನೆಯ ಬೆಳೆ ಏಳುತ್ತದೆ, ಅದನ್ನು ಕೂಳೆಯೆನ್ನುತ್ತೇವೆ. ನಮ್ಮ ಒಣಕಾಡು ಬಹುಮಟ್ಟಿಗೆ ಕೂಳೆಯ ಕಾಡು. ಮಳೆಕಾಡಿನ ಮರಗಳಿಗಿಂತ ಈ ಮರಗಳಿಗೆ ಬುಡದಿಂದ ಮರುಚಿಗುರುವ ಶಕ್ತಿ ಅಧಿಕ. ವರ್ಷದಲ್ಲಿ ಆರು ತಿಂಗಳು ಒಣಗುವ, ಆಗಾಗ ಬೆಂಕಿ ಬೀಳುವ, ಆನೆ ಜಿಂಕೆಗಳು ಎಳೆಯುವ ನೆಲದಲ್ಲಿ ಮೇಲಿನ ಕಾಂಡವನ್ನು ನಂಬಿ ಕುಳಿತರೆ ಬದುಕಿಲ್ಲ. ಆದ್ದರಿಂದ ಅವು ತಮ್ಮ ಗಂಟನ್ನು ನೆಲದೊಳಗೆ ಕಟ್ಟಿಡುತ್ತವೆ.

ಬೀಜದಿಂದ ಹುಟ್ಟಿದ ಸಸಿಯ ನಡೆಯೂ ಹೀಗೆಯೇ. ಹೊನ್ನೆಯ ಸಸಿಯನ್ನೇ ತೆಗೆದುಕೊಳ್ಳಿ. ಮೊದಲ ಮಳೆಗಾಲದಲ್ಲಿ ಗೇಣುದ್ದ ಏಳುತ್ತದೆ. ಬೇಸಿಗೆಯಲ್ಲಿ ಆ ಕುಡಿ ಒಣಗಿ ಬೀಳುತ್ತದೆ. ನೋಡಿದವರು ಸತ್ತಿತೆನ್ನುತ್ತಾರೆ. ಮರುವರ್ಷ ಅದೇ ಬೇರಿನಿಂದ ಇನ್ನೊಂದು ಕುಡಿ. ಅದೂ ಒಣಗುತ್ತದೆ. ಹೀಗೆ ಹಲವು ವರ್ಷ ಮೇಲಿನದು ಸಾಯುತ್ತ, ಕೆಳಗಿನ ತಾಯಿಬೇರು ಮಾತ್ರ ಮೂಲಂಗಿಯಂತೆ ದಪ್ಪಗಾಗುತ್ತ ಹೋಗಿ, ಒಂದು ವರ್ಷ ಹೊರಟ ಕುಡಿ ಬೇಸಿಗೆಯನ್ನು ಗೆದ್ದು ನಿಲ್ಲುತ್ತದೆ. ತೇಗದ ಸಸಿಯೂ ಬೆಂಕಿ ಬೀಳುವ ಕಾಡಿನಲ್ಲಿ ಹೀಗೆಯೇ ಬದುಕುತ್ತದೆ. ಎರಡಡಿಯ ಗಿಡದ ಬೇರಿಗೆ ಎಷ್ಟು ವಯಸ್ಸೆಂದು ಗಿಡವನ್ನು ನೋಡಿ ಹೇಳಲಾಗದು.

ಮಠದ ಪಾಠಶಾಲೆಯಲ್ಲಿ ನಾವು ಅಮರಕೋಶದ ವನೌಷಧಿವರ್ಗವನ್ನು ಉರುಹೊಡೆಯುತ್ತಿದ್ದ ಕಾಲಕ್ಕೆ ಮರಗಳೆಂದರೆ ನಮಗೆ ಪರ್ಯಾಯಪದಗಳ ಸಾಲು ಮಾತ್ರ. ಅಲ್ಲಿ ಕೊಂಬೆಗಳಿಲ್ಲದ ಮೋಟುಮರಕ್ಕೆ ಸ್ಥಾಣುವೆಂದು ಹೆಸರು. ಅದೇ ಶಬ್ದ ಶಿವನಿಗೂ ಸಲ್ಲುತ್ತದೆ. ಅಚಲವಾಗಿ ನಿಂತವನೆಂಬ ಅರ್ಥವನ್ನು ಗುರುಗಳು ಹೇಳಿದ್ದರು. ಮೋಟಾಗಿಯೂ ಸಾಯದ ಮರವನ್ನು ಈ ಬೆಟ್ಟದಲ್ಲಿ ಕಂಡಾಗ ಆ ಪಾಠ ನೆನಪಿಗೆ ಬಂದಿತು. ಅದಿರಲಿ.

ಎಲ್ಲ ಹೊಲಗಳೂ ಹೀಗೆ ಮರಳುವುದಿಲ್ಲವೆಂಬುದನ್ನೂ ಹೇಳಬೇಕು. ಬಹಳ ವರ್ಷ ನೇಗಿಲು ಹೂಡಿ, ಬುಡಗಳನ್ನು ಕಿತ್ತು ಹಾಕಿದ ನೆಲದಲ್ಲಿ ಕೂಳೆಗೆ ಆಸ್ಪದವೆಲ್ಲಿ? ಅಲ್ಲಿ ಬೀಜವೇ ಬರಬೇಕು. ಬೀಜ ಬರಲು ಹತ್ತಿರದಲ್ಲಿ ಕಾಡಿರಬೇಕು. ಊರುಗಳ ಸುತ್ತ ಹೊಲಗಳ ನಡುವೆ ತುಂಡುತುಂಡಾಗಿ ಉಳಿದ ಗುಡ್ಡಗಳಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ಗಾಳಿಗೆ ಹಾರುವ ಬೀಜದ ಮರಗಳು ಮೊದಲು ತಲುಪುತ್ತವೆ. ಮತ್ತಿಯ ಕಾಯಿಗೆ ಐದು ರೆಕ್ಕೆ, ಹೊನ್ನೆಯ ಕಾಯಿಗೆ ನಾಣ್ಯದ ಸುತ್ತ ಅಂಚು ಕಟ್ಟಿದಂಥ ದುಂಡುರೆಕ್ಕೆ. ದಿಂಡಿಗದ ಬೀಜ ಗಾಳಿಗೆ ಹಾರುವುದೇನೋ ನಿಜ. ಆದರೆ ಅದರಲ್ಲಿ ಮೊಳೆಯುವುದು ತೀರ ಕಡಿಮೆ. ಹೀಗಾಗಿ ದಿಂಡಿಗದ ಬೇರನ್ನು ಕಿತ್ತ ನೆಲಕ್ಕೆ ದಿಂಡಿಗ ಮರಳುವುದು ಬಹಳ ತಡ. ಇನ್ನು ಹಣ್ಣಿನ ಮರಗಳಿಗೆ ಹೊರೆಯಾಳುಗಳು ಬೇಕು. ನೆಲ್ಲಿಕಾಯಿಯನ್ನು ತಿಂದ ಚುಕ್ಕೆಜಿಂಕೆ, ಕಾಡುಕುರಿಗಳು ಬೇರೆಲ್ಲೋ ಮಲಗಿ ಮೆಲುಕು ಹಾಕುವಾಗ ಅದರ ಗಟ್ಟಿ ಓಟೆಯನ್ನು ಉಗುಳುತ್ತವೆ. ನೆಲ್ಲಿಯ ಬೀಜ ಕಾಡಿನಲ್ಲಿ ನಡೆದಾಡುವುದು ಹೀಗೆ. ಜಿಂಕೆ ಹೋಗದ ಗುಡ್ಡಕ್ಕೆ ನೆಲ್ಲಿಯನ್ನು ಕೊಂಡೊಯ್ಯುವವರು ವಿರಳ. ಆದುದರಿಂದ ಚಿಕ್ಕ ತುಂಡುಗಾಡುಗಳು ಮರಳಿ ಹಸಿರಾದರೂ ಅಲ್ಲಿನ ಮರಗಳ ಬಳಗ ಕಿರಿದಾಗಿರುತ್ತದೆ.

ಇಲ್ಲಿ ಸರಕಾರದ ಹಾಗೂ ಸಂಘಸಂಸ್ಥೆಗಳ ವನಮಹೋತ್ಸವಗಳ ಬಗೆಗೆ ಒಂದು ಮಾತನ್ನು ಹೇಳದೆ ಮುಂದುವರಿಯಲಾರೆವು. ಬೋಳೆಂದು ಕಾಣುವ ಗುಡ್ಡದ ಮೇಲೆ ಯಂತ್ರವನ್ನು ಹರಿಸಿ, ಸಾಲುಸಾಲಾಗಿ ಗುಂಡಿ, ಕಾಲುವೆಗಳನ್ನು ತೋಡಿ, ತಂದ ಸಸಿಗಳನ್ನು ನೆಡುವುದನ್ನು ನಾವು ಅನೇಕ ಕಡೆ ಕಂಡಿದ್ದೇವೆ. ಆ ಯಂತ್ರದ ಹಲ್ಲಿಗೆ ಮೊದಲು ಸಿಕ್ಕುವುದು ನೆಲದೊಳಗಿನ ಹಳೆಯ ಬುಡಗಳೇ. ತುಂಬಿದ ಕಣಜವನ್ನು ಒಡೆದು ಹಿಡಿ ಕಾಳನ್ನು ಚೆಲ್ಲಿದಂತಾಯಿತಲ್ಲವೆ? ಬುಡವಿರುವ ನೆಲದಲ್ಲಿ ಮಾಡಬೇಕಾದುದು ಬೇರೆ. ಮೇವನ್ನೂ ಕೊಡಲಿಯನ್ನೂ ಕೆಲವು ವರ್ಷ ತಡೆಯುವುದು. ಒಂದು ಬುಡದಿಂದ ಹತ್ತು ಚಿಗುರು ಎದ್ದರೆ ಬಲವಾದ ಒಂದೆರಡನ್ನು ಉಳಿಸಿ ಮಿಕ್ಕವನ್ನು ತೆಗೆಯುವುದು. ಸಸಿ ನೆಡುವುದಕ್ಕಿಂತ ಇದರ ಖರ್ಚು ಕಡಿಮೆ. ಇದರಲ್ಲಿ ಭಾವಚಿತ್ರ ತೆಗೆಸಿಕೊಳ್ಳುವ ಸಂಭ್ರಮ ಇಲ್ಲದಿರುವುದೇ ಇದಕ್ಕಿರುವ ದೋಷವೆಂದು ತೋರುತ್ತದೆ.

ಕಾಡು ಕಾಲಾಂತರದಲ್ಲಿ ಹೇಗೆ ಮಾರ್ಪಡುತ್ತದೆಂಬುದನ್ನು ಕಣ್ಣಂದಾಜಿನಿಂದಲ್ಲದೆ ಎಣಿಸಿ ತಿಳಿಯುವ ಪ್ರಯತ್ನವೂ ನಮ್ಮ ನೆರೆಯಲ್ಲೇ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ, ಮೇಲೆ ಹೇಳಿದ ಮುದುಮಲೆಯಲ್ಲಿ 50 ಹೆಕ್ಟೇರ್ ಒಣಕಾಡನ್ನು ಗುರುತುಮಾಡಿ, ಅಲ್ಲಿ ಒಂದು ಸೆಂಟಿಮೀಟರಿಗಿಂತ ದಪ್ಪವಾದ ಪ್ರತಿಯೊಂದು ಗಿಡಮರಕ್ಕೂ ಸಂಖ್ಯೆಯ ಬಿಲ್ಲೆ ಕಟ್ಟಿ ಎಣಿಸಿದರು. ಸುಮಾರು 26 ಸಾವಿರ ಗಿಡಮರಗಳು, ಸುಮಾರು 70 ಜಾತಿಗಳು. ಆನೆಗಳ ಅಧ್ಯಯನಕ್ಕೆ ಹೆಸರಾದ ರಾಮನ್ ಸುಕುಮಾರ್ ಅವರ ನೇತೃತ್ವದಲ್ಲಿ ಆರಂಭವಾದ ಆ ಕೆಲಸದಲ್ಲಿ ಅದೇ ಮರಗಳನ್ನು ಮತ್ತೆ ಮತ್ತೆ ನೋಡಿ ಬರೆದಿಟ್ಟರು. ನಮ್ಮ ಮಠಗಳ ಹಳೆಯ ಕಡತಗಳಲ್ಲಿ ಹುಟ್ಟುಸಾವುಗಳನ್ನು ಬರೆದಿಡುತ್ತಿದ್ದ ಶ್ರದ್ಧೆಯನ್ನು ಇದು ನೆನಪಿಗೆ ತರುತ್ತದೆ.

ಆ ಲೆಕ್ಕ ಹೇಳುವ ಕಥೆ ಕುತೂಹಲಕರವಾಗಿದೆ. ಮೊದಲ ಎಣಿಕೆಯಲ್ಲಿ ದಾಸವಾಳದ ಬಳಗದ ಬೆಂಡೆಮರ ಐದು ಸಾವಿರಕ್ಕೂ ಮಿಗಿಲಾಗಿತ್ತು. ಅದರ ತೊಗಟೆ ಆನೆಗಳಿಗೆ ಬಲು ಪ್ರಿಯ. ಆನೆಗಳು ಸುಲಿದು, ಮುರಿದು, ಉಳಿದುದನ್ನು ಬೆಂಕಿ ಸುಟ್ಟು, ಕೆಲವೇ ವರ್ಷಗಳಲ್ಲಿ ಅದರ ಬಹುಪಾಲು ಅಳಿದುಹೋಯಿತು. 1989ರಿಂದ 1996ರವರೆಗೆ ಆ ತುಂಡಿನಲ್ಲಿ ಹಲವು ಸಲ ಬೆಂಕಿ ಬಿದ್ದಿತು. ಸಣ್ಣ ಗಿಡಗಳ ಸಂಖ್ಯೆ ಗಣನೀಯವಾಗಿ ಇಳಿಯಿತು. ಆದರೆ ದೊಡ್ಡ ಮರಗಳಲ್ಲಿ ಸತ್ತವು ಅತ್ಯಲ್ಪ. ದಪ್ಪ ತೊಗಟೆಯೇ ಅವಕ್ಕೆ ಕವಚ. ಬೆಂಕಿಯ ನಡುವಣ ಬಿಡುವು ಉದ್ದವಾದೊಡನೆ ಹೊಸ ಗಿಡಗಳು ಮತ್ತೆ ಎಣಿಕೆಗೆ ಬಂದವು. ಅವೇನು ಆಗತಾನೆ ಹುಟ್ಟಿದವೇ? ಅಲ್ಲ. ಅವುಗಳಲ್ಲಿ ಎಷ್ಟೋ ಗಿಡಗಳು ನೆಲದೊಳಗೆ ಬೇರಾಗಿ ಕಾದು ಕುಳಿತವೇ.

ಆದುದರಿಂದ ಒಣಕಾಡಿನ ಸಸಿಗೆ ಮುಖ್ಯವಾದುದು ಎರಡು ಬೆಂಕಿಗಳ ನಡುವಣ ಅವಧಿ. ಕಾಂಡ ದಪ್ಪವಾಗಿ, ತುದಿ ಜ್ವಾಲೆಗಿಂತ ಮೇಲೇಳುವಷ್ಟು ಬಿಡುವು ಸಿಕ್ಕರೆ ಅದು ಮರ. ಸಿಕ್ಕದಿದ್ದರೆ ಮತ್ತೆ ಬೇರು. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಮುದುಮಲೆಯ ಸೀಮೆಯಲ್ಲಿ ಒಂದೇ ನೆಲ ಸರಾಸರಿ ಮೂರು ವರ್ಷಕ್ಕೊಮ್ಮೆ ಸುಡುತ್ತಿತ್ತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಈ ಅವಧಿ ಇದರ ಮೂರರಷ್ಟಿತ್ತು. ಇಷ್ಟು ಬೇಗ ಬೇಗ ಸುಟ್ಟರೆ ಹಳೆಯ ಮರಗಳು ನಿಂತಿರುತ್ತವೆ, ಅವುಗಳ ಜಾಗಕ್ಕೆ ಬರುವವರು ಮಾತ್ರ ಇಲ್ಲ. ಮುದುಕರು ಮಾತ್ರ ಉಳಿದ ಹಳ್ಳಿಯಂಥ ಕಾಡು ಅದು.

ಇಷ್ಟನ್ನು ಕೇಳಿದವರು ಬೆಂಕಿಯನ್ನು ಪೂರ್ಣವಾಗಿ ನಿಲ್ಲಿಸಿಬಿಟ್ಟರೆ ಕಾಡು ಉದ್ಧಾರವಾಯಿತೆಂದು ಭಾವಿಸುವುದು ಸಹಜ. ಅರಣ್ಯ ಇಲಾಖೆ ಬ್ರಿಟಿಷರ ಕಾಲದಿಂದ ಹಾಗೆಯೇ ಭಾವಿಸಿ ಬಂದಿದೆ. ಈ ವಿಷಯವನ್ನು ಎತ್ತಿದಾಗ ನಮ್ಮ ಸೋಲಿಗ ಹಿರಿಯರ ಮುಖ ಗಂಭೀರವಾಯಿತು. "ಬೆಂಕಿ ಎಲ್ಲಾ ಒಂದೇ ಅಲ್ಲ ಬುದ್ಧಿ. ನಾವು ಕೊಡ್ತಿದ್ದದ್ದು ತರಗು ಬೆಂಕಿ. ಕಾಲ ಕೆಳಗೆ ಹರ್ಕೊಂಡು ಹೋಯ್ತದೆ, ಮರ ಮುಟ್ಟಲ್ಲ" ಎಂದರು. ಜನವರಿ, ಫೆಬ್ರವರಿಯಲ್ಲಿ, ಹುಲ್ಲು ಒಣಗಿಯೂ ನೆಲದಲ್ಲಿ ಇನ್ನೂ ಇಬ್ಬನಿಯ ತಂಪಿರುವಾಗ, ಅಲ್ಲಷ್ಟು ಇಲ್ಲಷ್ಟು ತರಗಿಗೆ ಕಿಚ್ಚಿಡುವುದು ಅವರ ಹಿರಿಯರ ಪದ್ಧತಿಯಾಗಿತ್ತು. ಆ ಬೆಂಕಿ ಮೊಣಕಾಲೆತ್ತರ ಏಳದೆ ಸಂಜೆಗೆ ತಾನೇ ನಂದುತ್ತಿತ್ತು. ಹಾದಿ ಕಾಣುತ್ತಿತ್ತು, ಹೊಸ ಹುಲ್ಲು ಬರುತ್ತಿತ್ತು. ಮಾರ್ಚ್, ಏಪ್ರಿಲ್ ತಿಂಗಳ ಕಾಡ್ಗಿಚ್ಚಿಗೂ ಇದಕ್ಕೂ ಅಜಗಜಾಂತರ. 2019ರ ಫೆಬ್ರವರಿಯ ಕೊನೆಯ ವಾರದಲ್ಲಿ ಬಂಡೀಪುರದಲ್ಲಿ ಹತ್ತು ಸಾವಿರ ಎಕರೆಗೂ ಮಿಗಿಲಾದ ಕಾಡು ಕೆಲವೇ ದಿನಗಳಲ್ಲಿ ಸುಟ್ಟುಹೋದುದು ಓದುಗರ ನೆನಪಿನಲ್ಲಿರಬಹುದು. ವರ್ಷಗಟ್ಟಲೆ ಕೂಡಿದ ಒಣ ಸೌದೆಗೆ ಕಿಡಿ ಬಿದ್ದರೆ ಆಗುವುದು ಹಾಗೆ.

ತರಗು ಬೆಂಕಿ ನಿಂತ ಮೇಲೆ ಎರಡು ಕೇಡುಗಳು ಬಂದವೆಂದು ಪೋಡುಗಳ ಜನ ಹೇಳುತ್ತಾರೆ. ಮೊದಲನೆಯದು ಉಪ್ಪಿಲು. ನಮ್ಮ ಕಡೆ ಇದನ್ನು ಬಂದಳಿಕೆ, ಬದನಿಕೆಯೆನ್ನುತ್ತಾರೆ. ಇನ್ನೊಂದು ಮರದ ಕೊಂಬೆಗೆ ಬೇರನ್ನು ನಾಟಿ ಅದರ ರಸದಲ್ಲಿ ಬದುಕುವ ಗಿಡ ಇದು. ಇದರ ಬೀಜಕ್ಕೆ ಅಂಟು ಬಹಳ. ಹಣ್ಣನ್ನು ತಿಂದ ಪುಟ್ಟ ಹಕ್ಕಿ ಕೊಂಬೆಗೆ ಒರಸಿ ಹೋದಲ್ಲಿ ಅದು ಮೊಳೆಯುತ್ತದೆ. ಬಿಳಿಗಿರಿಯ ನೆಲ್ಲಿಯ ಮರಗಳ ಮೇಲೆ ಇದರ ಹಾವಳಿ ವಿಪರೀತವಾಗಿದೆ. ನೆಲ್ಲಿಕಾಯಿಯ ಸಂಗ್ರಹ ಸೋಲಿಗರ ಜೀವನಾಧಾರಗಳಲ್ಲಿ ಒಂದು. ಕಾಯಿ ಕೀಳಲು ಹೋದವರು ಕೊಂಬೆಯೇರಿ ಉಪ್ಪಿಲನ್ನು ಕಡಿದು ಹಾಕುತ್ತಿದ್ದರು; ತರಗು ಬೆಂಕಿಯ ಕಾವು ಉಳಿದುದನ್ನು ಒಣಗಿಸುತ್ತಿತ್ತು. ವನ್ಯಜೀವಿ ಕಾಯಿದೆಯ ತಿದ್ದುಪಡಿಯ ಆಧಾರದ ಮೇಲೆ 2006ರಲ್ಲಿ ಇಲ್ಲಿ ಕಿರು ಅರಣ್ಯೋತ್ಪನ್ನಗಳ ಮಾರಾಟಕ್ಕಾಗಿ ನಡೆಯುತ್ತಿದ್ದ ಸಂಗ್ರಹವನ್ನು ನಿಷೇಧಿಸಿದಾಗ ಬೆಂಕಿಯ ಜೊತೆಗೆ ಆ ಕೈಗಳೂ ದೂರವಾದವು. ಬೆಂಕಿಗೂ ಉಪ್ಪಿಲಿಗೂ ನಂಟಿದೆಯೆಂಬ ಸೋಲಿಗರ ಮಾತನ್ನು ಮೊದಮೊದಲು ವಿಜ್ಞಾನಿಗಳು ಲಕ್ಷಿಸಿರಲಿಲ್ಲ. ಅನಂತರ ಸಂಶೋಧಕರೇ ಪರಿಶೀಲಿಸಿ, ಈ ತಿಳಿವನ್ನು ಕಾಡಿನ ನಿರ್ವಹಣೆಯಲ್ಲಿ ಕಡೆಗಣಿಸಬಾರದೆಂದು 2010ರಲ್ಲಿ ಬರೆದರು.

ಎರಡನೆಯ ಕೇಡು ಲಂಟಾನ. ಅಮೆರಿಕ ಖಂಡದ ಈ ಹೂಗಿಡವನ್ನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕಾಗಿ ತಂದರು. ಹಕ್ಕಿಗಳು ಅದರ ಕಪ್ಪು ಹಣ್ಣುಗಳನ್ನು ತಿಂದು ದೇಶವೆಲ್ಲ ಹರಡಿದವು. ಬಿಳಿಗಿರಿಯಲ್ಲಿ ಅದರ ವ್ಯಾಪ್ತಿಯನ್ನು ಅಳೆದಿದ್ದಾರೆ. 1997ರಲ್ಲಿ ಬೆಟ್ಟದ ಉದ್ದಗಲಕ್ಕೂ ಪರೀಕ್ಷಿಸಿದ 134 ತಾಕುಗಳಲ್ಲಿ ಶೇಕಡ 41ರಲ್ಲಿ ಲಂಟಾನವಿತ್ತು. 2008ರಲ್ಲಿ ಅವೇ ತಾಕುಗಳನ್ನು ನೋಡಿದಾಗ ಶೇಕಡ 81ರಲ್ಲಿ ಇತ್ತು. ಹನ್ನೊಂದು ವರ್ಷಕ್ಕೆ ಇಮ್ಮಡಿ. ಇದ್ದ ಕಡೆಗಳಲ್ಲೂ ಅದರ ದಟ್ಟಣೆ ಇನ್ನೂ ಹೆಚ್ಚಿತ್ತು.

ಲಂಟಾನದ ಪೊದೆಯೊಳಗೆ ಬಗ್ಗಿ ನೋಡಿದವರಿಗೆ ಅದರ ಕೇಡು ತಿಳಿಯುತ್ತದೆ. ಒಳಗೆ ನೆಲ ಕತ್ತಲು. ಹುಲ್ಲಿಲ್ಲ. ಮೇಲೇರಲಾಗದೆ ಬಿಳಿಚಿದ ಒಂದೆರಡು ಸಸಿಗಳು. ಹೊನ್ನೆಯ ಬೇರು ಹತ್ತು ವರ್ಷ ಗಂಟು ಕಟ್ಟಿ ಒಂದು ಕುಡಿಯನ್ನು ಮೇಲಕ್ಕೆ ಕಳಿಸಿದರೆ ಅದಕ್ಕೆ ಬಿಸಿಲೇ ದೊರೆಯುವುದಿಲ್ಲ. ಬೆಂಕಿಗೆ ಬಿಡುವು ಸಿಕ್ಕರೆ ಸಸಿ ಮರವಾಗುತ್ತದೆಂದು ಮೇಲೆ ಬರೆದೆವಷ್ಟೆ; ಲಂಟಾನವಿರುವಲ್ಲಿ ಆ ಬಿಡುವನ್ನು ಮೊದಲು ಬಾಚಿಕೊಳ್ಳುವುದು ಲಂಟಾನವೇ. ರಸ್ತೆಯಿಂದ ನೋಡುವ ಯಾತ್ರಿಕನಿಗೆ ಮಾತ್ರ ಎಲ್ಲೆಲ್ಲೂ ಹಸಿರು, ಬಣ್ಣಬಣ್ಣದ ಹೂ. ಬೇಸಿಗೆಯ ಬೋಳು ಕಾಡನ್ನು ಕಂಡು ಮರುಗಿದವನೇ ಮಳೆಗಾಲದ ಲಂಟಾನವನ್ನು ಕಂಡು ಸಂತೋಷಪಡುತ್ತಾನೆ.

ಹಾಗಾದರೆ ಹಿಂದಿನಂತೆ ತರಗು ಬೆಂಕಿಯನ್ನು ಕೊಟ್ಟರೆ ಸಾಲದೇ ಎಂದು ನಾವು ಕೇಳಿದೆವು. ಹಿರಿಯರು ತಲೆಯಲ್ಲಾಡಿಸಿದರು. "ಈಗ ಕೊಟ್ರೆ ಕಾಡೇ ಹೋಯ್ತದೆ" ಎಂದರು. ಆಳೆತ್ತರದ ಲಂಟಾನದ ಒಣಕಡ್ಡಿಗಳು ನೆಲದ ಬೆಂಕಿಯನ್ನು ಏಣಿಯಂತೆ ಮರದ ತಲೆಗೆ ಹತ್ತಿಸುತ್ತವೆ. ಸುಟ್ಟ ಮೇಲೆ ಲಂಟಾನವೂ ಬುಡದಿಂದ ಚಿಗುರುತ್ತದೆ, ಅದೂ ಎಲ್ಲರಿಗಿಂತ ಮೊದಲು. ಕೂಳೆಯ ವಿದ್ಯೆಯಲ್ಲಿ ಅದು ನಮ್ಮ ಮರಗಳಿಗೂ ಗುರುವಾಗಿ ಕುಳಿತಿದೆ. ಬೆಂಕಿಯನ್ನು ನಿಲ್ಲಿಸಲು ಒಂದು ಆಜ್ಞೆ ಸಾಕಾಗಿತ್ತು. ಅದನ್ನು ಮತ್ತೆ ಆರಂಭಿಸಲು ಇನ್ನೊಂದು ಆಜ್ಞೆ ಸಾಲದು. ಮೊದಲು ಲಂಟಾನವನ್ನು ತೆಗೆಯಬೇಕು, ಹುಲ್ಲು ಬರಬೇಕು, ಆಮೇಲೆ ಬೆಂಕಿಯ ಮಾತು. ಅಷ್ಟು ಹೊತ್ತಿಗೆ ತರಗು ಬೆಂಕಿಯ ದಿನವನ್ನೂ ಗಾಳಿಯನ್ನೂ ಅರಿತ ತಲೆಮಾರು ಉಳಿದಿರುತ್ತದೆಯೇ ಎಂಬುದು ನಮ್ಮ ಚಿಂತೆ. ಅಂದು ನಮ್ಮ ಸಂಗಡವಿದ್ದ ಅವರ ಮೊಮ್ಮಗ ತರಗು ಬೆಂಕಿಯನ್ನು ಕೊಟ್ಟುದನ್ನು ಒಮ್ಮೆಯೂ ನೋಡಿರಲಿಲ್ಲ.

ಒಂದು ಸಮಾಧಾನದ ಸಂಗತಿಯುಂಟು. 2006ರ ಅರಣ್ಯ ಹಕ್ಕು ಕಾಯಿದೆಯನ್ವಯ 2011ರಲ್ಲಿ ಬಿಳಿಗಿರಿಯ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯದ ಅರಣ್ಯ ಹಕ್ಕುಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂಥ ಹಕ್ಕನ್ನು ಮನ್ನಿಸಿದುದು ದೇಶದಲ್ಲಿ ಅದೇ ಮೊದಲು. ನೆಲ್ಲಿಯ ಮರದ ಬಳಿಗೆ ಹೋಗುವುದು ಮತ್ತೆ ಅವರ ಹಕ್ಕಾಯಿತು. ಕಾಗದದ ಮೇಲಿನ ಹಕ್ಕು ಕಾಡಿನೊಳಗೆ ನಡೆಯಲು ಇಲಾಖೆಯ ಸೌಹಾರ್ದವೂ ಬೇಕು. ಅದು ಎಲ್ಲ ಕಡೆಯೂ ಒಂದೇ ಸಮನಾಗಿಲ್ಲ.

ಲಂಟಾನವನ್ನು ತೆಗೆಯುವ ವಿಷಯಕ್ಕೆ ಬಂದರೆ, ಕಡಿಯುವುದರಿಂದ ಪ್ರಯೋಜನವಿಲ್ಲ, ಸುಡುವುದರಿಂದಂತೂ ಇಲ್ಲವೇ ಇಲ್ಲ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ. ಆರ್. ಬಾಬು ಮತ್ತು ಅವರ ಸಂಗಡಿಗರು ಕಾರ್ಬೆಟ್ ಅರಣ್ಯದಲ್ಲಿ ಪ್ರಯೋಗಿಸಿದ ಕ್ರಮ ಸರಳವಾಗಿದೆ. ಕಾಂಡ ಬೇರಿಗೆ ಕೂಡುವ ಕತ್ತಿನಿಂದಲೇ ಲಂಟಾನ ಚಿಗುರುತ್ತದೆ. ಆದ್ದರಿಂದ ಆ ಕತ್ತಿಗಿಂತ ಕೆಳಗೆ, ನೆಲದೊಳಗೆ ಮುಖ್ಯ ಬೇರನ್ನು ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿ ಮಗುಚಿಟ್ಟರೆ ಅದು ಬೇರೂರದೆ ಒಣಗುತ್ತದೆ. ಆ ನೆಲಕ್ಕೆ ಕೂಡಲೇ ಸ್ಥಳೀಯ ಹುಲ್ಲು ಬರಬೇಕು. ಎರಡು ಮೂರು ವರ್ಷ ಮತ್ತೆ ಮತ್ತೆ ಹೋಗಿ ಎಳೆಯ ಲಂಟಾನವನ್ನು ಕೀಳಬೇಕು. ಕಳೆ ಕೀಳದ ರೈತನಿಗೆ ಬೆಳೆಯಿಲ್ಲವೆಂಬುದು ಇಲ್ಲಿಯೂ ಸಲ್ಲುತ್ತದೆ.

ಬಿಳಿಗಿರಿಯಿಂದ ಕೊಳ್ಳೇಗಾಲದ ಮೇಲೆ ಪೂರ್ವಕ್ಕೆ ಸಾಗಿ ನಾವು ಮಲೆಮಹದೇಶ್ವರನ ಬೆಟ್ಟವನ್ನು ತಲುಪಿದೆವು. ಅಲ್ಲಿನ ಕಾಡೂ ಇದೇ ಒಣಕಾಡು. 2013ರಲ್ಲಿ ಅದೂ ವನ್ಯಜೀವಿಧಾಮವಾಗಿದೆ. ಬರಿಗಾಲಲ್ಲಿ ನಡೆದು ಬರುವ ಭಕ್ತರ ಹಾದಿಯ ಎರಡು ಕಡೆಯಲ್ಲೂ ಲಂಟಾನವೇ. ಬಿದಿರು ಕೈಗೆ ಸಿಗದೆ ಕಂಗೆಟ್ಟಿದ್ದ ಅಲ್ಲಿನ ಕುಶಲಿಗಳಿಗೆ ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರು ಈ ಶತಮಾನದ ಮೊದಲ ದಶಕದಲ್ಲಿ ಲಂಟಾನದ ಕಡ್ಡಿಯಿಂದ ಬುಟ್ಟಿ, ಕುರ್ಚಿ, ಮೇಜುಗಳನ್ನು ಮಾಡುವುದನ್ನು ಕಲಿಸಿದರು. ಕಡ್ಡಿಯನ್ನು ನೀರಿನಲ್ಲಿ ಕುದಿಸಿ, ಬಿಸಿಯಿರುವಾಗಲೇ ಸಿಪ್ಪೆಯನ್ನು ಸುಲಿದು ಬಗ್ಗಿಸಿದರೆ ಬೆತ್ತದಂತೆ ಮಣಿಯುತ್ತದೆ. ಗೆದ್ದಲೂ ಸುಲಭವಾಗಿ ಮುಟ್ಟದು. ಇದರಿಂದ ಕಾಡಿನ ಲಂಟಾನವೆಲ್ಲ ಮುಗಿದುಹೋಗುತ್ತದೆಂದು ಹೇಳುವುದು ಉತ್ಪ್ರೇಕ್ಷೆ. ಬೆಟ್ಟದಷ್ಟು ಲಂಟಾನದ ಮುಂದೆ ಕುರ್ಚಿಗಳ ಲೆಕ್ಕವೇನು? ಆದರೆ ಕೆಲವು ಕುಟುಂಬಗಳ ಒಲೆ ಉರಿದುದು ಅದರಿಂದಲೇ. ಅದೇನು ಸಣ್ಣ ವಿಷಯವಲ್ಲ.

ಬೆಟ್ಟದ ಇಳಿಜಾರಿನಲ್ಲಿ ಹೀಗೆ ಲಂಟಾನವನ್ನು ಬೇರುಸಹಿತ ತೆಗೆದಿದ್ದ ಒಂದು ತಾಕನ್ನು ನಾವು ನೋಡಿದೆವು. ಅಳತೆಯಲ್ಲಿ ಅರ್ಧ ಎಕರೆಯೂ ಇರಲಾರದು. ಮಗುಚಿಟ್ಟ ಪೊದೆಗಳು ಬಿಸಿಲಿಗೆ ಬೆಳ್ಳಗಾಗಿದ್ದವು. ಹಿಂದಿನ ಮಳೆಗಾಲದಲ್ಲಿ ಎದ್ದ ಹುಲ್ಲು ಒಣಗಿ ನಿಂತಿತ್ತು. ಹುಲ್ಲನ್ನು ಕೈಯಿಂದ ಬಿಡಿಸಿ ನೋಡಿದಾಗ ಮೊಣಕಾಲೆತ್ತರದ ದಿಂಡಿಗದ ಚಿಗುರು ನಾಲ್ಕು, ಕಕ್ಕೆ ಎರಡು, ಜಿಂಕೆ ತುದಿ ಕಚ್ಚಿಹೋಗಿದ್ದ ನೆಲ್ಲಿ ಒಂದು ಕಂಡವು. ಅಲ್ಲಲ್ಲಿ ಎಳೆಯ ಲಂಟಾನವೂ ತಲೆಯೆತ್ತಿತ್ತು. ನಮ್ಮ ಜೊತೆಯಲ್ಲಿದ್ದ ತರುಣರು ಮಾತನಾಡುತ್ತಲೇ ಬಗ್ಗಿ, ಅವನ್ನು ಒಂದೊಂದಾಗಿ ಕಿತ್ತು, ಬೇರು ಮೇಲಾಗಿ ಬಂಡೆಯ ಮೇಲಿಟ್ಟು ಮುಂದೆ ನಡೆದರು.